ಒಲೆ ಕಾಣದ ಮೀನು, ಕಬ್ಬಿಣ ಅಡಗಿದ ವೈನು

ಮೀನನ್ನು ಓವನ್ನಿಗೆ ಹಾಕಲೇಬಾರದು! ಹೊಗೆ ಹಿಡಿಸಿದ ಮೀನಿನ ಪಿಜ್ಜಾದ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ. ಹಿಟ್ಟು ಬೇಯಬೇಕು, ಈರುಳ್ಳಿ ಬಾಡಿ ಸಿಹಿಯಾಗಬೇಕು, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳಬೇಕು. ಮೀನು ಮಾತ್ರ ಅಷ್ಟು ಹೊತ್ತೂ ಫ್ರಿಜ್ಜಿನ ತಂಪಿನಲ್ಲೇ ಇರಬೇಕು. ರೊಟ್ಟಿ ಹೊರಗೆ ಬಂದು, ಅದರ ಮೇಲೆ ತಣ್ಣನೆಯ ಹುಳಿಕೆನೆ ಸವರಿ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಸಾಲ್ಮನ್ ಮೀನಿನ ಕಿತ್ತಳೆ ಬಣ್ಣದ ತೆಳ್ಳನೆಯ ಪದರಗಳು ಬಂದು ಕೂರುತ್ತವೆ. ಕೂತ ಅರೆನಿಮಿಷದಲ್ಲಿ ಏನಾಗುತ್ತದೆ ನೋಡಿ! ಕೆಳಗಿನ ಕಾವಿಗೆ ಮೀನಿನ ಕೊಬ್ಬು ಸಡಿಲಗೊಂಡು ಮೈಯೆಲ್ಲ ಮಿರುಗುತ್ತದೆ, ಅದುವರೆಗೆ ಒಳಗೇ ಉಳಿದಿದ್ದ ಹೊಗೆಯ ಪರಿಮಳ ಒಮ್ಮೆಲೇ ಮೇಲೇಳುತ್ತದೆ. ಒಂದೇ ತುತ್ತಿನಲ್ಲಿ ಬಿಸಿ, ತಂಪು, ಹುಳಿ, ಉಪ್ಪು, ಸಿಹಿ ಮತ್ತು ಸೌದೆಯ ವಾಸನೆ. ಇಷ್ಟೆಲ್ಲ ಆಗುವುದಕ್ಕೆ ಬೇಕಾದ ಹೊತ್ತು ಒಂದು ಹಿಡಿ ಅಕ್ಕಿ ಅನ್ನವಾಗುವುದಕ್ಕೆ ಬೇಕಾಗುವುದಕ್ಕಿಂತ ಹೆಚ್ಚೇನಲ್ಲ.

ಯಾರಿಗೆ ಹೊಳೆಯಿತು ಇದು? ಪಿಜ್ಜಾ ಅಂದಮೇಲೆ ನೇಪಲ್ಸಿನ ಯಾವುದೋ ಓಣಿಯಲ್ಲಿ ಇದರ ಬೇರು ಇದ್ದೀತು ಅಂದುಕೊಳ್ಳುತ್ತೇವೆ. ಇಲ್ಲ! ಇದಕ್ಕೆ ಜಗತ್ತಿನಲ್ಲಿ ಹೆಸರು ತಂದದ್ದು ಲಾಸ್ ಏಂಜಲೀಸ್, ತಂದುಕೊಟ್ಟವರು ಆಸ್ಟ್ರಿಯಾದಿಂದ ಬಂದ ಬಾಣಸಿಗ. ವುಲ್ಫ್‌ಗ್ಯಾಂಗ್ ಪಕ್ ಹುಟ್ಟಿದ್ದು 1949ರಲ್ಲಿ. ಫ್ರಾನ್ಸಿನ ಹೆಸರಾಂತ ಅಡುಗೆಮನೆಗಳಲ್ಲಿ ಕೈ ಪಳಗಿಸಿಕೊಂಡು 1973ರಲ್ಲಿ ಅಮೆರಿಕಕ್ಕೆ ಬಂದರು. 1982ರಲ್ಲಿ ಬಾರ್ಬರಾ ಲಜರಾಫ್ ಜತೆ ಸೇರಿ ಸನ್‌ಸೆಟ್ ಸ್ಟ್ರಿಪ್ಪಿನ ಪಕ್ಕದ ದಿಬ್ಬದ ಮೇಲೆ ‘ಸ್ಪಾಗೊ’ ತೆರೆದರು. ಊಟಕ್ಕೆ ಕೂತವರ ಕಣ್ಣಮುಂದೆಯೇ ಅಡುಗೆಮನೆ, ಸೌದೆ ಉರಿಯುವ ಪಿಜ್ಜಾ ಒಲೆ, ಎದುರಿಗೆ ಹಾಲಿವುಡ್ಡಿನ ಮಂದಿ! ಮೊದಲ ದಿನಗಳಲ್ಲಿ ಆ ಒಲೆಯ ಮುಂದೆ ನಿಂತವರು ಎಡ್ ಲಡೂ. ಟೊಮೆಟೊ, ಮೊಝರೆಲ್ಲಾ ಎಂಬ ಎರಡು ಹಳೆಯ ಗೋಡೆಗಳನ್ನು ದಾಟಿ ಪಿಜ್ಜಾದ ಮೇಲೆ ಯಾವುದನ್ನು ಬೇಕಾದರೂ ಇಡಬಹುದು ಎಂದು ನಂಬಿದ್ದ ಮನುಷ್ಯ. ಮುಂದೆ ‘ಕ್ಯಾಲಿಫೋರ್ನಿಯಾ ಪಿಜ್ಜಾ ಕಿಚನ್’ ಶುರುವಾದಾಗ ಅದರ ಮೊದಲ ಮೆನು ಮಾಡಿಕೊಟ್ಟದ್ದೂ ಅವರೇ.

ಸಾಲ್ಮನ್ ಪಿಜ್ಜಾದ ಹುಟ್ಟಿನ ಕತೆಯನ್ನು ಪಕ್ ತಾವೇ ಹೇಳುತ್ತಾ ಬಂದಿದ್ದಾರೆ. ಒಂದು ರಾತ್ರಿ ನಟಿ ಜೋನ್ ಕಾಲಿನ್ಸ್ ಸ್ಮೋಕ್ಡ್ ಸಾಲ್ಮನ್ ಕೇಳಿದರಂತೆ. ಅದರ ಜತೆ ಕೊಡಬೇಕಾದ ಬ್ರಿಯೋಶ್, ಅಂದರೆ ಬೆಣ್ಣೆ ಮೊಟ್ಟೆ ಹಾಕಿ ಮಾಡುವ ಫ್ರೆಂಚ್ ಬ್ರೆಡ್ಡು, ಮುಗಿದುಹೋಗಿತ್ತು. ಬ್ರೆಡ್ಡಿಲ್ಲ, ಆದರೆ ಹಿಟ್ಟಿದೆ, ಒಲೆ ಕಾದಿದೆ! ಪಕ್ ಒಂದು ಪಿಜ್ಜಾ ತಟ್ಟಿ, ಈರುಳ್ಳಿ ಉದುರಿಸಿ ಬೇಯಿಸಿದರು. ಹೊರಗೆ ತೆಗೆದು ಸಬ್ಬಸಿಗೆ ಬೆರೆಸಿದ ಹುಳಿಕೆನೆ ಹಚ್ಚಿ, ಮೇಲೆ ಸಾಲ್ಮನ್ ಹೊದಿಸಿ, ಮೀನಿನ ಮೊಟ್ಟೆಗಳನ್ನು ಇಟ್ಟು ಕಳಿಸಿದರು. ಅಷ್ಟೇ. ಅಂದಿನಿಂದ ಇಂದಿನವರೆಗೆ ಆ ಪಿಜ್ಜಾ ಅವರ ಹೆಸರಿನ ಜತೆಗೇ ಇದೆ. ಆಸ್ಕರ್ ಸಮಾರಂಭ ಮುಗಿದ ಮೇಲಿನ ಗವರ್ನರ್ಸ್ ಬಾಲ್ ಔತಣದ ಅಡುಗೆ ದಶಕಗಳಿಂದ ಪಕ್ ಅವರದು. ಅಲ್ಲಿ ಇದೇ ತಿನಿಸು ಆಸ್ಕರ್ ಬೊಂಬೆಯ ಆಕಾರದಲ್ಲಿ ಕತ್ತರಿಸಿದ ಗರಿಗರಿ ರೊಟ್ಟಿಯ ಮೇಲೆ ಬರುತ್ತದೆ! ಬ್ರೆಡ್ಡು ಮುಗಿದ ಒಂದು ರಾತ್ರಿ ಎಲ್ಲಿಂದ ಎಲ್ಲಿಗೆ ಕರೆದೊಯ್ದಿತು ನೋಡಿ.

ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸಿದ್ದು ಆ ರಾತ್ರಿಯ ಅವಸರ ಸಾಧ್ಯವಾದದ್ದಾದರೂ ಹೇಗೆ ಎಂಬುದು. ಹಸಿ ಮೀನಾಗಿದ್ದರೆ ಅದನ್ನು ತೊಳೆದು, ಮಸಾಲೆ ಹಚ್ಚಿ, ಬೇಯಿಸಬೇಕಿತ್ತು. ಇಲ್ಲಿ ಆ ಕೆಲಸವನ್ನೆಲ್ಲ ಬೇರೆ ಯಾರೋ ನಿಧಾನವಾಗಿ, ಒಂದೆರಡು ದಿನ ಹಿಡಿದು, ಮೊದಲೇ ಮಾಡಿ ಮುಗಿಸಿದ್ದಾರೆ. ಮೊದಲು ಉಪ್ಪು. ಅದು ಮೀನಿನ ನೀರನ್ನು ಹೊರಗೆಳೆದು ಮಾಂಸವನ್ನು ಬಿಗಿ ಮಾಡುತ್ತದೆ. ಆಮೇಲೆ ಗಾಳಿ. ಉಪ್ಪು ತೊಳೆದ ಮೀನನ್ನು ಗಾಳಿಯಾಡುವ ತಂಪು ಜಾಗದಲ್ಲಿ ಒಣಗಲು ಬಿಟ್ಟರೆ ಅದರ ಮೈಮೇಲೆ ಬೆರಳಿಗೆ ಅಂಟುವ ತೆಳ್ಳನೆಯ ಹೊಳೆಯುವ ಪೊರೆ ಕಟ್ಟುತ್ತದೆ. ಉಪ್ಪಿಗೆ ಕರಗಿ ಮೇಲೆ ಬಂದ ಪ್ರೋಟೀನುಗಳು ಒಣಗಿ ಆದ ಪೊರೆ ಅದು. ಹೊಗೆ ಹಿಡಿಯುವುದೇ ಆ ಅಂಟಿಗೆ! ಪೊರೆ ಕಟ್ಟದ ಒದ್ದೆ ಮೀನಿಗೆ ಹೊಗೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಕಹಿ.

ಇನ್ನು ಹೊಗೆ. ಮರದಲ್ಲಿ ಲಿಗ್ನಿನ್ ಎಂಬ ವಸ್ತುವಿದೆ, ಮರ ನೆಟ್ಟಗೆ ನಿಲ್ಲುವುದು ಅದರ ಬಲದಿಂದ. ಜ್ವಾಲೆಯಿಲ್ಲದೆ ಕಮರುತ್ತ ಉರಿದಾಗ ಅದು ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಸಣ್ಣ ಅಣುಗಳಾಗುತ್ತದೆ. ನಾವು ‘ಹೊಗೆಯ ವಾಸನೆ’ ಅನ್ನುವುದು ಬಹುಪಾಲು ಇವನ್ನೇ. ಹುರಿದ ಕಾಫಿಯ ಘಮದಲ್ಲೂ ಗ್ವಾಯಕಾಲ್ ಇದೆ! ಈ ಹೆಸರನ್ನು ನೆನಪಿಟ್ಟುಕೊಳ್ಳಿ, ವೈನ್ ಬಾಟಲಿಯ ಒಳಗೆ ಅದು ಮತ್ತೆ ಸಿಗುತ್ತದೆ.

ಹೊಗೆ ಹಿಡಿಸುವುದರಲ್ಲಿ ಎರಡು ದಾರಿ. ತಣ್ಣನೆಯ ಹೊಗೆಯಲ್ಲಿ ಕಾವು ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತಾರೆ. ಮೀನು ಬೇಯುವುದೇ ಇಲ್ಲ, ಅದಕ್ಕೇ ಅದರ ತೆಳು ಪದರ ಬೆಳಕಿಗೆ ಹಿಡಿದರೆ ಪಾರದರ್ಶಕ. ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಲಂಡನ್ನಿನ ಈಸ್ಟ್ ಎಂಡಿನಲ್ಲಿ ಬೆಳೆಸಿದ ಸಾಲ್ಮನ್ ಈ ಬಗೆಯದು. 1905ರಲ್ಲಿ ಶುರುವಾದ ಫೋರ್ಮನ್ ಮನೆತನದ ಹೊಗೆಮನೆ ಇಂದಿಗೂ ಅಲ್ಲಿದೆ. ಬಿಸಿ ಹೊಗೆಯಲ್ಲಿ ಮೀನು ಹೊಗೆಯ ಜತೆಗೇ ಬೆಂದು ಎಸಳೆಸಳಾಗಿ ಬಿಡುತ್ತದೆ. ಸ್ಕಾಟ್ಲೆಂಡಿನ ಆರ್ಬ್ರೋತ್ ಊರಿನಲ್ಲಿ ಹ್ಯಾಡಕ್ ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ ಜೋಡಿ ಜೋಡಿಯಾಗಿ ಗಟ್ಟಿಮರದ ಬೆಂಕಿಯ ಮೇಲೆ ತೂಗುಹಾಕುವುದು ಈ ಬಗೆ. ಬ್ರಿಟನ್ನಿನ ಅಂಗಡಿಗಳಲ್ಲಿ ಕರಿಮೆಣಸು ಒತ್ತಿ ಮಾರುವ ಹೊಗೆಬಂಗುಡೆಯೂ ಇದೇ. ಹೊಗೆ ಹಿಡಿಸಿದ ಮೀನು ನಮ್ಮ ಕಡಲಿಗೂ ಹೊಸದಲ್ಲ. ಮಂಗಳೂರಿನ ಪಡುವಣಕ್ಕೆ ಲಕ್ಷದ್ವೀಪದಲ್ಲಿ ಗೆದರೆ ಜಾತಿಯ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ ‘ಮಾಸ್’ ಮಾಡುತ್ತಾರೆ. ಅಲ್ಲಿನ ಅಮೀನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಪಿಜ್ಜಾಕ್ಕೆ ಮಾಸ್ ಆಗದು, ತುರಿದು ಬಳಸುವ ವಸ್ತು ಅದು.

ಪಿಜ್ಜಾ ಮಾಡೋಣ ಬನ್ನಿ. ಈಸ್ಟ್ ಹಾಕಿ ಗಂಟೆಗಟ್ಟಲೆ ಹುದುಗು ಬರಿಸಿದ ಹಿಟ್ಟಿನ ರುಚಿಯೇ ಬೇರೆ, ಒಪ್ಪುತ್ತೇನೆ. ಆದರೆ ಅವಸರದ ಸಂಜೆಗೆ ಮೊಸರಿನ ಹಿಟ್ಟಿದೆ, ಅದರ ಮೆದುತನ ಕಂಡರೆ ನಂಬಲಾರಿರಿ. 200 ಗ್ರಾಂ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, 150 ಗ್ರಾಂ ಗಟ್ಟಿ ಮೊಸರು. ಅಷ್ಟನ್ನೂ ಕಲಸಿ ಎರಡು ನಿಮಿಷ ನಾದಿ ಮುಚ್ಚಿಡಿ. ಅಂಟಿದರೆ ಚೂರು ಹಿಟ್ಟು ಉದುರಿಸಿ. ಮೊಸರಿನ ಹುಳಿ ಬೇಕಿಂಗ್ ಪೌಡರಿನೊಳಗಿನ ಸೋಡಾದ ಜತೆ ಸೇರಿ ಗುಳ್ಳೆ ಏಳಿಸುತ್ತದೆ, ಈಸ್ಟ್ ಗಂಟೆಗಳಲ್ಲಿ ಮಾಡುವ ಕೆಲಸ ನಿಮಿಷಗಳಲ್ಲಿ! ಇಷ್ಟರಲ್ಲಿ ಎರಡು ಪಿಜ್ಜಾ ಆಗುತ್ತವೆ.

ಓವನ್ನನ್ನು ಅದು ಹೋಗುವಷ್ಟು ಮೇಲಕ್ಕೆ, ಸಾಮಾನ್ಯವಾಗಿ 250 ಡಿಗ್ರಿಗೆ, ಖಾಲಿ ತಟ್ಟೆಯನ್ನು ಒಳಗಿಟ್ಟೇ ಕಾಯಿಸಿ. ಹಿಟ್ಟು ಕಾದ ಲೋಹದ ಮೇಲೆ ಬಿದ್ದ ಕೂಡಲೇ ಅಡಿ ಹಿಡಿದು ಗರಿಯಾಗಬೇಕು. ಓವನ್ ಇಲ್ಲದ ಮನೆಯಲ್ಲಿ ದಪ್ಪ ಕಾವಲಿ ಸಾಕು. ಒಂದು ಬದಿ ಕೆಂಪಾದ ಮೇಲೆ ಮಗುಚಿ, ಮುಚ್ಚಳ ಮುಚ್ಚಿ ಬೇಯಿಸಿ. ಕಾವಲಿಯವರು ಈರುಳ್ಳಿಯನ್ನು ಬೇರೆಯಾಗಿ ಬಾಡಿಸಿಕೊಳ್ಳಬೇಕು. ಓವನ್ನಿನವರು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಬೆಚ್ಚಗೆ ಮಾಡಿದ ಎಣ್ಣೆಯನ್ನು ಹಿಟ್ಟಿಗೆ ಸವರಿ, ಹಾಳೆಯಷ್ಟು ತೆಳ್ಳಗೆ ಹೆಚ್ಚಿದ ಈರುಳ್ಳಿ ಹರಡಿ ಏಳೆಂಟು ನಿಮಿಷ ಬೇಯಿಸಿದರಾಯಿತು. ಟೊಮೆಟೊ ಬೇಡ, ಚೀಸ್ ಬೇಡ. ಎರಡೂ ಹೊಗೆಯನ್ನು ಮುಚ್ಚಿಬಿಡುತ್ತವೆ.

ಕೆನೆಯ ವಿಷಯಕ್ಕೆ ಬಂದರೆ ಎದೆ ತುಂಬಿ ಬರುತ್ತದೆ, ಏಕೆಂದರೆ ಅಲ್ಲಿರುವುದು ಸಬ್ಬಸಿಗೆ! ಸ್ವೀಡನ್, ನಾರ್ವೆಗಳಲ್ಲಿ ಸಾಲ್ಮನ್ ಇದ್ದಲ್ಲಿ ಸಬ್ಬಸಿಗೆ ಇರಲೇಬೇಕು. ಉಪ್ಪು ಸಕ್ಕರೆಯಲ್ಲಿ ಹದಗೊಳಿಸುವ ಅವರ ಗ್ರಾವ್‌ಲಾಕ್ಸ್ ಮೀನಿನ ಮೈತುಂಬ ಇದೇ ಸೊಪ್ಪು. ಪಕ್ ತಮ್ಮ ಪಿಜ್ಜಾಕ್ಕೆ ತಂದುಕೊಂಡದ್ದೂ ಆ ಜೋಡಿಯನ್ನೇ. ನಮ್ಮಲ್ಲೋ, ಬೆಂಗಳೂರು ಮೈಸೂರಿನ ಯಾವ ಸೊಪ್ಪಿನ ಗಾಡಿಯಲ್ಲೂ ಕಟ್ಟು ಕಟ್ಟು ಸಿಗುತ್ತದೆ, ಅಕ್ಕಿರೊಟ್ಟಿಗೂ ಆಂಬೊಡೆಗೂ ಉಪ್ಸಾರಿಗೂ ಬೀಳುತ್ತದೆ. ಉತ್ತರ ಯುರೋಪಿನ ಮೀನಿಗೆ ಬೇಕಾದ ಸೊಪ್ಪು ಇಲ್ಲಿನ ಅಜ್ಜಿಯರ ಕೈಯಲ್ಲೇ ಇತ್ತು! ನಮ್ಮ ಸಬ್ಬಸಿಗೆಯ ವಾಸನೆ ಸ್ವಲ್ಪ ಚುರುಕು, ಆದ್ದರಿಂದ ದಂಟು ಬಿಟ್ಟು ಎಳೆಯ ಗರಿಗಳನ್ನಷ್ಟೇ ಬಿಡಿಸಿಕೊಳ್ಳಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 100 ಗ್ರಾಂ ಮೊಸರು, ಎರಡು ದೊಡ್ಡ ಚಮಚ ತಾಜಾ ಕೆನೆ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಎರಡು ದೊಡ್ಡ ಚಮಚ, ತುಸು ನಿಂಬೆಸಿಪ್ಪೆಯ ತುರಿ, ಕೆಲವು ಹನಿ ನಿಂಬೆರಸ, ಕುಟ್ಟಿದ ಕರಿಮೆಣಸು. ಉಪ್ಪು ಬೇಡವೇ ಬೇಡ, ಮೀನು ತನ್ನ ಜತೆ ಸಾಕಷ್ಟು ತರುತ್ತದೆ.

ಓವನ್ನಿನಿಂದ ತೆಗೆದ ರೊಟ್ಟಿ ಎರಡು ನಿಮಿಷ ಆರಲಿ, ಇಲ್ಲದಿದ್ದರೆ ಕೆನೆ ಒಡೆದು ನೀರಾಗುತ್ತದೆ. ಒಂದು ಪಿಜ್ಜಾಕ್ಕೆ 80ರಿಂದ 100 ಗ್ರಾಂ ಸಾಲ್ಮನ್ ಧಾರಾಳ. ಬೇಯಿಸಿದರೆ ಏನಾಗುತ್ತದೆ ಅನ್ನುತ್ತೀರಾ? ಪಾರದರ್ಶಕ ಮಾಂಸ ಬಿಳಿಚಿಕೊಂಡು ಬಿಗಿಯುತ್ತದೆ, ನೀರು ಇಂಗಿ ಉಪ್ಪು ಮುಂದಾಗುತ್ತದೆ, ದಿನಗಟ್ಟಲೆ ಕಟ್ಟಿದ ಹೊಗೆಯ ಘಮ ಓವನ್ನಿನ ಗಾಳಿಗೆ ಹೋಗುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಣ್ಣನೆಯ ಹೊಗೆಯ ಮೀನು ಬೆಂದದ್ದಲ್ಲ, ಆದ್ದರಿಂದ ಬಸುರಿಯರೂ ರೋಗನಿರೋಧಕ ಶಕ್ತಿ ಕುಂದಿದವರೂ ಅದನ್ನು ತಿನ್ನಬಾರದು. ಅವರಿಗೆ ಈ ಮುಂದಿನದು.

ಸಾಲ್ಮನ್ ನಮ್ಮಲ್ಲಿಗೆ ಬರುವುದು ಬಹುಪಾಲು ನಾರ್ವೆಯ ಕಡೆಯಿಂದ, ಬೆಲೆಯೂ ಹಾಗೇ ಇದೆ. ಆದರೆ ಬಂಗುಡೆ ಇದೆಯಲ್ಲ! ಬ್ರಿಟನ್ನಿನವರ ಹೊಗೆಬಂಗುಡೆಯ ಮನೆತನವೇ ನಮ್ಮ ಬಂಗುಡೆಯದೂ, ಎಣ್ಣೆ ತುಂಬಿದ, ಹೊಗೆಯನ್ನು ಕುಡಿಯುವ ಮೀನು. ಚೀನೀಯರು ಚಹಾ ಎಲೆಯಿಂದ ಹೊಗೆ ಹಾಕುವ ವಿಧಾನ ಇದಕ್ಕೆ ಹೇಳಿ ಮಾಡಿಸಿದ್ದು. ಮುಳ್ಳು ಬಿಡಿಸಿದ ಬಂಗುಡೆಯ ಹೋಳಿಗೆ ಉಪ್ಪು ಸವರಿ 20 ನಿಮಿಷ ಬಿಡಿ. ತೊಳೆದು, ಒರೆಸಿ, ಫ್ರಿಜ್ಜಿನಲ್ಲಿ ಮುಚ್ಚದೆ ಒಂದು ಗಂಟೆ ಇಡಿ, ಆ ಅಂಟು ಪೊರೆ ಕಟ್ಟಲಿ. ಹಳೆಯ ಬಾಣಲೆಗೆ ಅಲ್ಯುಮಿನಿಯಂ ಹಾಳೆ ಹಾಸಿ ಎರಡು ದೊಡ್ಡ ಚಮಚ ಅಕ್ಕಿ, ಎರಡು ಚಮಚ ಚಹಾಪುಡಿ, ಒಂದು ಚಮಚ ಸಕ್ಕರೆ ಹರಡಿ. ಹೊಗೆ ಏಳತೊಡಗಿದಾಗ ಮೇಲೆ ಜಾಲರಿ ಇಟ್ಟು, ಮೀನು ಇಟ್ಟು, ಬಿಗಿಯಾಗಿ ಮುಚ್ಚಿ. ಕಿಟಕಿಗಳನ್ನು ತೆರೆದಿಡಿ! ನಡು ಉರಿಯಲ್ಲಿ 12ರಿಂದ 15 ನಿಮಿಷಕ್ಕೆ ಚಿನ್ನದ ಬಣ್ಣದ, ನಡುವಿನವರೆಗೂ ಬೆಂದ, ಮುಟ್ಟಿದರೆ ಎಸಳು ಬಿಡುವ ಮೀನು ಸಿದ್ಧ. ನನ್ನ ನಾಲಿಗೆಯ ತೀರ್ಪು ಕೇಳಿದರೆ, ಸಬ್ಬಸಿಗೆ ಕೆನೆಯ ಮೇಲೆ ಇದು ಸಾಲ್ಮನ್ನಿಗಿಂತ ಒಂದು ಕೈ ಮೇಲು.

ಈಗ ವೈನ್. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಕೆಂಪು ವೈನ್ ಜತೆ ಮೀನು ತಿಂದರೆ ನುಂಗಿದ ಮೇಲೆ ಬಾಯಲ್ಲಿ ಒಂದು ಹಳಸಲು ಮೀನಿನ ನಾತ ಉಳಿಯುತ್ತದೆ. ಮೀನು ಎಷ್ಟು ತಾಜಾ ಇದ್ದರೂ ಅಷ್ಟೆ. ಕೆಂಪು ವೈನಿನ ಒಗರು ಇದಕ್ಕೆ ಕಾರಣ ಎಂದು ಬಹುಕಾಲ ನಂಬಿದ್ದರು. 2009ರಲ್ಲಿ ಜಪಾನಿನ ಮರ್ಸಿಯನ್ ವೈನ್ ಕಂಪನಿಯ ಸಂಶೋಧಕರು ಒಣಗಿಸಿದ ಸ್ಕ್ಯಾಲಪ್ ಚಿಪ್ಪುಮೀನಿನ ಜತೆ ಹಲವಾರು ವೈನುಗಳನ್ನು ನುರಿತವರಿಗೆ ಕುಡಿಸಿ ನೋಡಿದರು. ಸಿಕ್ಕ ಅಪರಾಧಿ ಯಾರು ಗೊತ್ತೇ? ಕಬ್ಬಿಣ!

ಹೌದು, ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶ. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ಆ ನಾತ ಎದ್ದು ಬರುತ್ತಿತ್ತು. ಕಬ್ಬಿಣವನ್ನು ಹಿಡಿದಿಡುವ ವಸ್ತು ಬೆರೆಸಿದರೆ ಅದು ಇಳಿದುಹೋಗುತ್ತಿತ್ತು! ಮೀನಿನ ಕೊಬ್ಬು ಬಹಳ ಸೂಕ್ಷ್ಮ, ಕಬ್ಬಿಣ ತಗುಲಿದರೆ ಬಾಯೊಳಗೇ, ಕ್ಷಣದಲ್ಲೇ ಮುರಿದು ನಾತದ ಅಣುಗಳಾಗುತ್ತದೆ. ಅಂದರೆ ತಪ್ಪು ಬಣ್ಣದ್ದಲ್ಲ. ಕೆಂಪು ವೈನುಗಳಲ್ಲಿ ಕಬ್ಬಿಣ ಹೆಚ್ಚಿರುವುದು ಸಾಮಾನ್ಯ, ಆದರೆ ಕಬ್ಬಿಣ ಕಡಿಮೆ ಇರುವ ಕೆಂಪು ವೈನ್ ಮೀನಿನ ಜತೆ ಸುಖವಾಗಿ ಹೋಗುತ್ತದೆ. ಅಮೆರಿಕದ ಓರೆಗಾನ್ ರಾಜ್ಯದವರು ಇದನ್ನು ನಾಲಿಗೆಯಿಂದಲೇ ಕಂಡುಕೊಂಡಿದ್ದರು. ಮ್ಯಾಕ್‌ಮಿನ್‌ವಿಲ್ ಊರಿನ ಪೀನೋ ನ್ವಾರ್ ಉತ್ಸವದಲ್ಲಿ ಆಲ್ಡರ್ ಮರದ ಬೆಂಕಿಯ ಮುಂದೆ ಸಾಲ್ಮನ್ ಸುಟ್ಟು, ಅದರ ಜತೆ ಆ ತೆಳುಕೆಂಪು ವೈನನ್ನೇ ಕುಡಿಯುತ್ತಾರೆ. ಬಾಟಲಿಯ ಮೇಲೆ ಕಬ್ಬಿಣದ ಲೆಕ್ಕ ಬರೆದಿರುವುದಿಲ್ಲವಾದ್ದರಿಂದ, ಬಿಳಿ ವೈನ್ ಆರಿಸಿದರೆ ಗೆಲ್ಲುವ ಸಂಭವ ಹೆಚ್ಚು.

ಯಾವ ಬಿಳಿ? ಇಲ್ಲೇ ಗ್ವಾಯಕಾಲ್ ಮತ್ತೆ ಬರುವುದು. ವೈನ್ ಇಡುವ ಓಕ್ ಪೀಪಾಯಿಗಳನ್ನು ಮಾಡುವಾಗ ಒಳಮೈಯನ್ನು ಬೆಂಕಿಗೆ ಹಿಡಿದು ಸುಡುತ್ತಾರೆ. ಮರದ ಲಿಗ್ನಿನ್ ಒಡೆಯುತ್ತದೆ, ಗ್ವಾಯಕಾಲ್ ಹುಟ್ಟುತ್ತದೆ, ತಿಂಗಳುಗಟ್ಟಲೆ ಅಲ್ಲಿ ಮಲಗಿದ ವೈನಿಗೆ ಇಳಿಯುತ್ತದೆ. ಹೊಗೆಮನೆಯಲ್ಲಿ ಮೀನಿಗೆ ಅಂಟಿದ ಅಣುವೇ ಪೀಪಾಯಿಯಲ್ಲಿ ಶಾರ್ಡೊನೆಗೆ ಸೇರಿದೆ! ಓಕ್ ಪೀಪಾಯಿಯಲ್ಲಿ ಹದವಾದ ಶಾರ್ಡೊನೆ ಈ ಪಿಜ್ಜಾದ ಪಕ್ಕದಲ್ಲಿ ಏಕೆ ಅಷ್ಟು ಸಲೀಸಾಗಿ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಕಾರಣ ನನಗೆ ಕಾಣದು. ಇದೇ ಅಣು ಅಳತೆ ಮೀರಿದರೆ ಕಣ್ಣೀರು. 2020ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಸುತ್ತ ಕಾಡ್ಗಿಚ್ಚು ಎದ್ದಾಗ ಹೊಗೆ ದ್ರಾಕ್ಷಿಗೆ ಹಿಡಿದು, ಎಷ್ಟೋ ವೈನರಿಗಳು ಆ ವರ್ಷದ ಕೆಂಪು ವೈನನ್ನೇ ಕೈಬಿಟ್ಟವು. ದ್ರಾಕ್ಷಿಯೊಳಗೆ ಗ್ವಾಯಕಾಲ್ ಸಕ್ಕರೆಯ ಅಣುವಿಗೆ ಅಂಟಿಕೊಂಡು ವಾಸನೆಯೇ ಇಲ್ಲದಂತೆ ಇದ್ದುಬಿಡುತ್ತದೆ. ವೈನ್ ಬಾಯಿಗೆ ಹೋದ ಮೇಲೆ ಜೊಲ್ಲು ಆ ಕಟ್ಟು ಬಿಡಿಸಿ ಬೂದಿಯ ರುಚಿ ಹೊರಡಿಸುತ್ತದೆ!

ಶಾರ್ಡೊನೆಗಿಂತಲೂ ನಾನು ಮುಂದೆ ಇಡುವುದು ಗುಳ್ಳೆಯ ವೈನನ್ನು, ಸಕ್ಕರೆ ಕಡಿಮೆಯ ‘ಬ್ರೂಟ್’. ಕೆನೆ, ಕೊಬ್ಬು, ಹೊಗೆ ಮೂರೂ ಸೇರಿ ನಾಲಿಗೆಗೆ ಪದರ ಕಟ್ಟುತ್ತವೆ. ಹುಳಿ ಮತ್ತು ಗುಳ್ಳೆ ಅದನ್ನು ತೊಳೆದುಬಿಡುತ್ತವೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತೇ ಆಗುತ್ತದೆ. ಮೀನಿನ ಉಪ್ಪು ವೈನಿನ ಹುಳಿಯನ್ನು ತಗ್ಗಿಸಿ ಹಣ್ಣಿನ ರುಚಿಯನ್ನು ಎತ್ತಿ ತೋರಿಸುತ್ತದೆ. ಫ್ರಾನ್ಸಿನ ಶಾಂಪೇನ್ ಕೈಗೆಟುಕದಿದ್ದರೂ ನಾಸಿಕದಲ್ಲಿ ಮಾಡುವ ಬ್ರೂಟ್ ಇದೆ. ಬಂಗುಡೆಗಾದರೆ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಒಳ್ಳೆಯದು. ಅದರ ಚೂರು ಸಿಹಿ ಒಣಮೆಣಸಿನ ಖಾರವನ್ನೂ ಮೀನಿನ ಎಣ್ಣೆಯನ್ನೂ ಒಟ್ಟಿಗೆ ಸಂಭಾಳಿಸುತ್ತದೆ. ಸಬ್ಬಸಿಗೆಗೆ ಮಾತ್ರ ಹಸಿರು ವಾಸನೆಯ ಸೊವಿನ್ಯೋಂ ಬ್ಲಾಂಕ್‌ನಷ್ಟು ಹೊಂದುವುದು ಬೇರೆ ಇಲ್ಲ. ಆ ತಳಿ ನಂದಿಬೆಟ್ಟದ ಸುತ್ತಲೂ ಬೆಳೆಯುತ್ತದೆ, ಹಂಪಿಯ ಕಡೆಯ ಗುಡ್ಡಗಳಲ್ಲೂ ಬೆಳೆಯುತ್ತದೆ! ಗ್ರೋವರ್ ಮನೆತನ 1980ರ ದಶಕದಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ನೆಟ್ಟಿತು. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಸವರಿ, ಒಂದೇ ಕೊಯ್ಲು ತೆಗೆಯುತ್ತಾರೆ. ವೈನ್ ಕುಡಿಯದವರಿಗೆ ಸಿಹಿ ಕಡಿಮೆ ಮಾಡಿದ ಪುನರ್ಪುಳಿ ಶರಬತ್ತು. ಹುಳಿಯ ಕೆಲಸವನ್ನು ಅದೂ ಚೊಕ್ಕವಾಗಿ ಮಾಡುತ್ತದೆ.

ಕುಡಿಯುವವರಲ್ಲಿ ನನ್ನದೊಂದು ಕೇಳಿಕೆ. ಈ ಪಿಜ್ಜಾ ಮಾಡಿದ ದಿನ ಎರಡು ಲೋಟ ಇಡಿ. ಒಂದರಲ್ಲಿ ಒಗರು ಹೆಚ್ಚಿನ ಕೆಂಪು ವೈನ್, ಇನ್ನೊಂದರಲ್ಲಿ 8ರಿಂದ 10 ಡಿಗ್ರಿಗೆ ತಂಪು ಮಾಡಿದ ನಂದಿಬೆಟ್ಟದ ಸೊವಿನ್ಯೋಂ ಬ್ಲಾಂಕ್. ಒಂದೊಂದು ತುತ್ತಿಗೆ ಒಂದೊಂದು ಗುಟುಕು ಕುಡಿದು, ನುಂಗಿದ ಮೇಲೆ ಹತ್ತು ಎಣಿಸುವವರೆಗೆ ಸುಮ್ಮನಿರಿ. ಜಪಾನಿನ ಪ್ರಯೋಗಾಲಯದಲ್ಲಿ ಕಂಡದ್ದನ್ನು ನಿಮ್ಮ ನಾಲಿಗೆಯೇ ಹೇಳುತ್ತದೆ.